ಇಗ್ವಾನಾ ಊಟ ಬಿಟ್ಟಿದೆ, ಬೆರಳು ಅದುರುತ್ತಿದೆ: ಏನು ಮಾಡಲಿ?

ಪ್ರಶ್ನೆ: ನಾವು ಮೈಸೂರಿನವರು. ಒಂಬತ್ತನೇ ಕ್ಲಾಸಿನಲ್ಲಿರುವ ಮಗ ಜೂನ್‌ನಲ್ಲಿ ಹಟ ಹಿಡಿದು ಬೆಂಗಳೂರಿನ ಒಂದು ಅಂಗಡಿಯಿಂದ ಹಸಿರು ಇಗ್ವಾನಾ ಅನ್ನುವ ವಿದೇಶಿ ಹಲ್ಲಿಯ ಮರಿ ತಂದ. ಆಗ ಗೇಣುದ್ದ ಇತ್ತು, ಈಗ ಬಾಲ ಸೇರಿ ಒಂದೂವರೆ ಅಡಿ ಆಗಿದೆ. 'ಚಿಗುರು' ಅಂತ ಹೆಸರಿಟ್ಟಿದ್ದಾನೆ. ಹಳೆಯ ಮೀನಿನ ತೊಟ್ಟಿಯಲ್ಲಿ ಬಿಟ್ಟು, ಬೆಳಗಿನ ಬಿಸಿಲು ಬೀಳುವ ಕಿಟಕಿಯ ಒಳಗಡೆ ಇಟ್ಟಿದ್ದೇವೆ. ಸೌತೆಕಾಯಿ, ಪಾಲಕ್, ಬಾಳೆಹಣ್ಣು ಕೊಡುತ್ತೇವೆ. ಶಕ್ತಿ ಬರಲಿ ಅಂತ ವಾರಕ್ಕೆ ಎರಡು ಸಲ ಬೇಯಿಸಿದ ಮೊಟ್ಟೆಯನ್ನೂ ಕೊಡುತ್ತೇವೆ. ಈ ಡಿಸೆಂಬರ್ ಶುರುವಾದಾಗಿನಿಂದ ಸರಿಯಾಗಿ ತಿನ್ನುತ್ತಿಲ್ಲ. ಹಿಂಗಾಲಿನ ಬೆರಳು ಆಗಾಗ ಅದುರುತ್ತವೆ. ಆದರೆ ತೊಡೆ ದಷ್ಟಪುಷ್ಟವಾಗಿದೆ, ಹಾಗಾಗಿ ಗಾಬರಿಯಾಗಿಲ್ಲ. ಆಗಾಗ ಸೀನುತ್ತದೆ, ಗಾಜಿನ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಶೀತ ಆಗಿದೆಯೇ? ನಮ್ಮ ಅತ್ತೆ 'ಉಡದ ಜಾತಿಯದ್ದು ಮನೆಯಲ್ಲಿ ಇರಬಾರದು, ತೋಟಕ್ಕೆ ಬಿಟ್ಟು ಬನ್ನಿ' ಅನ್ನುತ್ತಾರೆ. ಬಿಟ್ಟರೆ ಬದುಕುತ್ತದೆಯೇ?

ಉತ್ತರ: ನಿಮಗೆ ಗಾಬರಿ ಇಲ್ಲದ ಜಾಗದಲ್ಲೇ ನನಗೆ ಗಾಬರಿ. ಆ ತೊಡೆ.

ಇಗ್ವಾನಾ ಮರಿಯ ತೊಡೆ ಸಣ್ಣಗೆ ಇರಬೇಕು. ದಪ್ಪಗೆ, ಉರುಟಾಗಿ, ಮುಟ್ಟಿದರೆ ಗಟ್ಟಿಯಾಗಿ ಇದ್ದರೆ ಅದು ಮಾಂಸ ಆಗಿರುವ ಸಾಧ್ಯತೆ ಕಡಿಮೆ. ಮೂಳೆಯಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ದೇಹ ಆ ಜಾಗದಲ್ಲಿ ನಾರಿನಂಥ ಅಂಗಾಂಶ ತುಂಬಿಸಿ ಹೇಗೋ ಬಲ ಕೊಡಲು ನೋಡುತ್ತದೆ. ಹಾಗೆ ತುಂಬಿದ ಕಾಲು ನೋಡುವವರ ಕಣ್ಣಿಗೆ ಪುಷ್ಟಿಯಾಗಿ ಕಾಣುತ್ತದೆ. ನನ್ನ ಹತ್ತಿರ ಬರುವ ಹತ್ತು ಇಗ್ವಾನಾಗಳಲ್ಲಿ ಐದಾರು ಇದೇ ತೊಂದರೆ ಹೊತ್ತು ಬರುತ್ತವೆ. ಹೆಚ್ಚಿನವರು 'ಇಷ್ಟು ದಿನ ಚೆನ್ನಾಗಿ ತೂಕ ಬರ್ತಾ ಇತ್ತು ಡಾಕ್ಟ್ರೇ' ಅಂತಲೇ ಮಾತು ಶುರು ಮಾಡುತ್ತಾರೆ.

ಬೆರಳು ಅದುರುವುದು ಅದರ ಮುಂದಿನ ಹಂತ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಸ್ನಾಯು ತಾನಾಗಿಯೇ ಸೆಳೆಯುತ್ತದೆ. ಇವತ್ತು ಬೆರಳು, ನಾಳೆ ಇಡೀ ಕಾಲು, ಆಮೇಲೆ ಹಿಂಗಾಲು ಎಳೆದುಕೊಂಡು ಓಡಾಡುವುದು, ಕೊನೆಗೆ ಫಿಟ್ಸ್. ಮಕ್ಕಳಿಗೆ ಬರುವ ರಿಕೆಟ್ಸ್ ಕೇಳಿದ್ದೀರಲ್ಲ, ಅದಕ್ಕೆ ಬಹಳ ಹತ್ತಿರದ ಕಾಯಿಲೆ ಇದು. ಮನೆಯಲ್ಲಿ ಒಂದು ಸಲ ನೋಡಿ: ಚಿಗುರುವಿನ ಬಾಯಿ ಮುಚ್ಚಿದಾಗ ಕೆಳದವಡೆ ಮೇಲಿನದಕ್ಕಿಂತ ಚಿಕ್ಕದಾಗಿ ಅಥವಾ ಊದಿದ ಹಾಗೆ ಕಾಣುತ್ತಿದೆಯೇ? ಬೆನ್ನು, ಬಾಲದ ಸಾಲು ನೇರವಾಗಿದೆಯೇ, ಎಲ್ಲಾದರೂ ಡೊಂಕಾಗಿದೆಯೇ? ದವಡೆಯನ್ನು ಮಾತ್ರ ನೀವು ಒತ್ತಿ ನೋಡಬೇಡಿ. ನಾವು ಒತ್ತುವಾಗಲೂ ಬೆರಳ ತುದಿಯಲ್ಲಿ, ಮಾಗಿದ ಸಪೋಟ ನೋಡಿದಷ್ಟೇ ಮೆಲ್ಲಗೆ ಒತ್ತುತ್ತೇವೆ. ಒಳ್ಳೆಯ ದವಡೆ ಕಲ್ಲಿನಂತಿರುತ್ತದೆ. ಕಾಯಿಲೆಯದ್ದು ರಬ್ಬರಿನ ಹಾಗೆ ಬಾಗುತ್ತದೆ. ಒಮ್ಮೆ ಬೆರಳಿಗೆ ಸಿಕ್ಕಿದರೆ ಆ ಅನುಭವ ಮರೆಯುವುದಿಲ್ಲ.

ಆದ್ದರಿಂದ ಮೊದಲ ಮಾತು, ಈ ವಾರದೊಳಗೆ ಡಾಕ್ಟರಿಗೆ ತೋರಿಸಿ. ನಾಯಿ ಬೆಕ್ಕು ನೋಡುವ ಎಲ್ಲ ಕ್ಲಿನಿಕ್‌ಗಳಲ್ಲೂ ಸರೀಸೃಪ ನೋಡುವುದಿಲ್ಲ. ಫೋನ್ ಮಾಡಿ 'ಇಗ್ವಾನಾ ನೋಡ್ತೀರಾ, ಎಕ್ಸ್‌ರೇ ಇದೆಯಾ' ಅಂತ ಕೇಳಿಯೇ ಹೋಗಿ. ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ತೆಳುವಾಗಿದೆ, ಎಲ್ಲಾದರೂ ಮುರಿದಿದೆಯೇ ಎಂಬುದು ಗೊತ್ತಾಗುತ್ತದೆ. ಕ್ಯಾಲ್ಸಿಯಂ ಇಂಜೆಕ್ಷನ್ ಬೇಕೋ, ಬಾಯಿಗೆ ಹಾಕುವ ದ್ರವ ಸಾಕೋ ಅವರು ಹೇಳುತ್ತಾರೆ. ಮನೆಯವರ ಕ್ಯಾಲ್ಸಿಯಂ ಮಾತ್ರೆ ಅರೆದು ಹಾಕಬೇಡಿ. ಅದರಲ್ಲಿ ವಿಟಮಿನ್ ಡಿ3 ಎಷ್ಟಿದೆ ನೋಡದೆ ಹಾಕಿದರೆ ಅದೇ ವಿಷವಾಗಬಹುದು. ಒಬ್ಬರು ಎಲೆ ಅಡಿಕೆ ಸುಣ್ಣ ಹಚ್ಚಿದ ಸೊಪ್ಪು ತಿನ್ನಿಸಿ, ನಾಲಿಗೆ ಸುಟ್ಟ ಇಗ್ವಾನಾವನ್ನು ನನ್ನ ಮೇಜಿನ ಮೇಲೆ ತಂದು ಇಟ್ಟಿದ್ದರು. ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ ಅನ್ನುವ ಲೆಕ್ಕ ಸರಿಯಾಗಿತ್ತು, ಪಾಪ.

ಡಾಕ್ಟರ್ ಸಿಗುವ ತನಕ ಮಾಡಬೇಕಾದದ್ದು ಇಷ್ಟು. ತೊಟ್ಟಿಯಿಂದ ಎತ್ತರದ ಕೊಂಬೆ ತೆಗೆದುಬಿಡಿ. ಮೂಳೆ ಮೆತ್ತಗಿರುವಾಗ ಒಂದಡಿ ಮೇಲಿಂದ ಬಿದ್ದರೂ ಕಾಲು ಮುರಿಯುತ್ತದೆ. ಎತ್ತಿ ಆಡಿಸುವುದು ನಿಲ್ಲಿಸಿ. ಮೈ ಬೆಚ್ಚಗೆ ಮಾಡಿ. ದಿನಕ್ಕೊಮ್ಮೆ ಅಗಲವಾದ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು, ಅದರ ಭುಜದ ಮಟ್ಟಕ್ಕೆ ಮಾತ್ರ, ಹದಿನೈದು ನಿಮಿಷ. ಪಕ್ಕದಲ್ಲೇ ಕೂತಿರಿ. ನೀರು ಕುಡಿಯುತ್ತದೆ, ಹೊಟ್ಟೆ ಕಟ್ಟಿದ್ದರೆ ಹಿಕ್ಕೆಯನ್ನೂ ಹಾಕುತ್ತದೆ. ಆಮೇಲೆ ಒರೆಸಿ ಬೆಚ್ಚಗಿಡಿ. ಮೈ ತಣ್ಣಗಿರುವಾಗ ಬಾಯಿ ಬಿಡಿಸಿ ಊಟ ತುರುಕಬೇಡಿ. ಮೊದಲು ಶಾಖ, ಆಮೇಲೆ ನೀರು, ಕೊನೆಗೆ ಊಟ. ಈ ಕ್ರಮ ತಪ್ಪಿದರೆ ಹೊಟ್ಟೆಗೆ ಹೋದ ಸೊಪ್ಪು ಜೀರ್ಣವಾಗದೆ ಅಲ್ಲೇ ಕೊಳೆಯುತ್ತದೆ.

ಹೀಗೇಕಾಯಿತು ಅಂತ ಕೇಳುತ್ತೀರಿ. ನೀವು ಪ್ರೀತಿಯಿಂದಲೇ ನೋಡಿಕೊಂಡಿದ್ದೀರಿ, ಅದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ಆದರೆ ನಮ್ಮ ಮೈಯೊಳಗೆ ಒಂದು ಒಲೆ ಸದಾ ಉರಿಯುತ್ತಿರುತ್ತದೆ. ನಾಯಿಗೂ ಬೆಕ್ಕಿಗೂ ಹಾಗೇ. ಹಲ್ಲಿ ಜಾತಿಗೆ ಆ ಒಲೆ ಮೈಯ ಹೊರಗಿದೆ. ಬಿಸಿಲು, ಕಾದ ಕಲ್ಲು, ಕಾದ ಕೊಂಬೆ, ಇವೇ ಅದರ ಒಲೆ. ನಾವು ಅದನ್ನು ಮನೆಯೊಳಗೆ ತಂದಾಗ ಒಲೆ ಹೊರಗೇ ಉಳಿಯಿತು. ಸಾಕುವುದು ಅಂದರೆ ಬಹುಪಾಲು ಆ ಒಲೆಯನ್ನು ಒಳಗೆ ಹೊತ್ತಿಸುವ ಕೆಲಸ. ಊಟ, ಮುದ್ದು ಎಲ್ಲ ಆಮೇಲೆ.

ಬೆಳಕಿನ ಮಾತು ಮೊದಲು. ಕಿಟಕಿ ಪಕ್ಕ ಇಟ್ಟಿದ್ದೇವೆ ಅಂದಿರಿ. ಬಿಸಿಲಿನಲ್ಲಿ ಯುವಿ-ಬಿ ಅನ್ನುವ ಕಿರಣ ಇದೆ. ಅದು ಚರ್ಮಕ್ಕೆ ತಾಗಿದರೆ ಮಾತ್ರ ಇಗ್ವಾನಾದ ಮೈ ವಿಟಮಿನ್ ಡಿ3 ತಯಾರಿಸುತ್ತದೆ. ಡಿ3 ಇದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಮಾಮೂಲಿ ಗಾಜು ಬೆಳಕನ್ನೂ ಶಾಖವನ್ನೂ ಬಿಡುತ್ತದೆ, ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ನಿಮ್ಮಲ್ಲಿ ಎರಡು ಗಾಜು, ಕಿಟಕಿಯದ್ದು ಒಂದು, ತೊಟ್ಟಿಯದ್ದು ಒಂದು. ಅಂದರೆ ಆರು ತಿಂಗಳು ಚಿಗುರು ಬಿಸಿಲು ನೋಡಿದೆ, ಆದರೆ ಬಿಸಿಲು ಅದರ ಮೈಗೆ ಸೇರಿಲ್ಲ. ಬಾಯಿಂದ ಕೊಡುವ ಡಿ3 ಮೇಲೆ ಇಗ್ವಾನಾ ವಿಷಯದಲ್ಲಿ ಪೂರ್ತಿ ಭರವಸೆ ಇಡುವಂತಿಲ್ಲ.

ನಮ್ಮ ಪುಣ್ಯಕ್ಕೆ ಮೈಸೂರಿನಲ್ಲಿ ಬಿಸಿಲಿಗೆ ಬರ ಇಲ್ಲ. ತಂತಿ ಜಾಲರಿಯ ಒಂದು ಪಂಜರ, ಗಿಳಿಗೆ ತರುವಂಥದ್ದು ಸಾಕು, ತಂದು ಟೆರೇಸಿನಲ್ಲಿ ಬೆಳಗ್ಗೆ ಎಂಟೂವರೆ ಒಂಬತ್ತರ ಮೇಲೆ ಅರ್ಧ ಗಂಟೆ ಇಡಿ. ಅರ್ಧ ಭಾಗಕ್ಕೆ ಗೋಣಿಚೀಲ ಹೊದಿಸಿ ನೆರಳು ಮಾಡಿ. ಸೆಕೆಯಾದರೆ ಅದೇ ನೆರಳಿಗೆ ಸರಿಯುತ್ತದೆ. ಹದ್ದು, ಕಾಗೆ, ಬೆಕ್ಕು ಇರುತ್ತವೆ, ಬಿಟ್ಟು ಒಳಗೆ ಹೋಗಬೇಡಿ. ಗಾಜಿನ ತೊಟ್ಟಿಯನ್ನೇ ಎತ್ತಿಕೊಂಡು ಹೋಗಿ ಬಿಸಿಲಲ್ಲಿ ಇಟ್ಟುಬಿಟ್ಟೀರಿ, ಜೋಕೆ! ಅದು ಒಳಗೊಳಗೇ ಕಾದು, ಪ್ರಾಣಿ ಇಪ್ಪತ್ತು ನಿಮಿಷದಲ್ಲಿ ಸಾಯಬಹುದು. ಹಾಗೆ ಸತ್ತದ್ದನ್ನು ತಂದವರ ಮುಖ ನೋಡುವುದು ನನಗೂ ಕಷ್ಟ.

ದಿನಾ ಟೆರೇಸಿಗೆ ಒಯ್ಯುವುದು ಆಗದ ಮಾತು, ಮಳೆಗಾಲದಲ್ಲಂತೂ ಇಲ್ಲವೇ ಇಲ್ಲ. ಅದಕ್ಕೆ ಸರೀಸೃಪಗಳಿಗೆಂದೇ ಬರುವ ಯುವಿ-ಬಿ ಟ್ಯೂಬ್ ಬೇಕು. ಉದ್ದ ಟ್ಯೂಬೇ ಒಳ್ಳೆಯದು, ಬೆಳಕು ಹರಡುತ್ತದೆ. ಪ್ರಾಣಿ ಕೂರುವ ಕೊಂಬೆಯಿಂದ ಸುಮಾರು ಒಂದಡಿ ಮೇಲೆ, ನಡುವೆ ಗಾಜು ಪ್ಲಾಸ್ಟಿಕ್ ಏನೂ ಇಲ್ಲದಂತೆ, ದಿನಕ್ಕೆ 10ರಿಂದ 12 ಗಂಟೆ. ಒಂದು ಗುಟ್ಟು ಹೇಳುತ್ತೇನೆ, ಅಂಗಡಿಯವರು ಹೇಳುವುದಿಲ್ಲ. ಈ ಟ್ಯೂಬ್ ಉರಿಯುತ್ತಲೇ ಇರುತ್ತದೆ, ಆದರೆ ಅದರಿಂದ ಬರುವ ಯುವಿ-ಬಿ ಆರು ತಿಂಗಳಿಂದ ಒಂದು ವರ್ಷದೊಳಗೆ ಸೋತುಹೋಗುತ್ತದೆ. ಹಾಕಿದ ತಾರೀಕನ್ನು ಮಾರ್ಕರ್‌ನಲ್ಲಿ ಟ್ಯೂಬಿನ ತುದಿಗೇ ಬರೆದಿಡಿ, ಸಮಯಕ್ಕೆ ಬದಲಾಯಿಸಿ. ಮನೆಯ ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ.

ಇನ್ನು ಶಾಖ. ಹಸಿರು ಇಗ್ವಾನಾ ಮೆಕ್ಸಿಕೋದಿಂದ ಬ್ರೆಜಿಲ್‌ವರೆಗಿನ ಬೆಚ್ಚನೆ ಕಾಡಿನ ಪ್ರಾಣಿ, ಹೊಳೆ ದಂಡೆಯ ಮರಗಳ ಮೇಲೆ ಬಿಸಿಲು ಕಾಯುತ್ತ ಇರುವಂಥದ್ದು. ಅದು ಕೂತು ಮೈ ಕಾಯಿಸುವ ಜಾಗ 35ರಿಂದ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ಉಳಿದ ಜಾಗ 27ರಿಂದ 30. ರಾತ್ರಿ 23ಕ್ಕಿಂತ ಕೆಳಗೆ ಇಳಿಯಬಾರದು. ಡಿಸೆಂಬರ್ ರಾತ್ರಿ ಮೈಸೂರಿನಲ್ಲಿ 16-17 ಡಿಗ್ರಿಗೆ ಇಳಿಯುತ್ತದೆ, ನಾವೇ ಎರಡು ಹೊದಿಕೆ ಹೊದ್ದು ಮಲಗುತ್ತೇವೆ. ಚಿಗುರು ಊಟ ಬಿಟ್ಟದ್ದು ಈ ತಿಂಗಳ ಶುರುವಿನಲ್ಲೇ ಅಂದಿರಲ್ಲ, ಅದು ಆಕಸ್ಮಿಕ ಅಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಜನ ಸಾಕಿ ಬಿಟ್ಟ ಇಗ್ವಾನಾಗಳು ಊರೆಲ್ಲ ಹಬ್ಬಿವೆ. 2020ರ ಜನವರಿಯ ಚಳಿಯಲ್ಲಿ ಮಯಾಮಿಯ ಹವಾಮಾನ ಕಚೇರಿಯವರು 'ಮರದಿಂದ ಇಗ್ವಾನಾ ಬೀಳಬಹುದು, ಎಚ್ಚರ' ಅಂತ ಪ್ರಕಟಣೆಯನ್ನೇ ಕೊಟ್ಟಿದ್ದರು. ಸತ್ತು ಬೀಳುವುದಲ್ಲ, ಮೈ ಮರಗಟ್ಟಿ ಹಿಡಿತ ತಪ್ಪುವುದು. ನಿಮ್ಮ ಮನೆಯ ಚಳಿ ಅಷ್ಟಿಲ್ಲ. ಹಾಗಾಗಿ ಚಿಗುರು ಬೀಳುವುದಿಲ್ಲ, ಸುಮ್ನೆ ಕೂತಿರುತ್ತದೆ. ಮನೆಯವರಿಗೆ ಅದು 'ಸಾಧು ಪ್ರಾಣಿ' ಅನ್ನಿಸುತ್ತದೆ. ಹಲ್ಲಿ ಜಾತಿಯಲ್ಲಿ ಗಲಾಟೆಗಿಂತ ಈ ಸುಮ್ಮನಿರುವುದನ್ನೇ ನಾನು ಜಾಸ್ತಿ ಅನುಮಾನಿಸುತ್ತೇನೆ.

ಹಗಲಿಗೆ ಒಂದು ಮೂಲೆಯಲ್ಲಿ ಹಳೆಕಾಲದ ಕಾಯುವ ಬಲ್ಬ್, 60 ವ್ಯಾಟಿನದ್ದು ಸಾಕು. ರಾತ್ರಿಗೆ ಬೆಳಕು ಬೀರದೆ ಶಾಖ ಮಾತ್ರ ಕೊಡುವ ಸೆರಾಮಿಕ್ ಹೀಟರ್. ಎರಡಕ್ಕೂ ತಂತಿ ಬಲೆಯ ಗೂಡು ಕಟ್ಟಿ, ಇಲ್ಲದಿದ್ದರೆ ಅದು ಹೋಗಿ ಬಲ್ಬನ್ನೇ ಅಪ್ಪಿಕೊಂಡು ಹೊಟ್ಟೆ ಸುಟ್ಟುಕೊಳ್ಳುತ್ತದೆ. ಶಾಖ ಹದ ಮೀರದಂತೆ ತಾನೇ ಆರಿಸಿ ಹೊತ್ತಿಸುವ ಥರ್ಮೋಸ್ಟಾಟ್ ಹಾಕಿಸಿ. ಅಂಗಡಿಯಲ್ಲಿ 'ಹಾಟ್ ರಾಕ್' ಅಂತ ಕರೆಂಟಿನ ಕಲ್ಲು ತೋರಿಸುತ್ತಾರೆ, ತರಬೇಡಿ. ಈ ಪ್ರಾಣಿಗಳಿಗೆ ಮೇಲಿನಿಂದ ಬರುವ ಬಿಸಿ ಗೊತ್ತಾಗುವಷ್ಟು ಹೊಟ್ಟೆಯಡಿಯ ಬಿಸಿ ಗೊತ್ತಾಗುವುದಿಲ್ಲ, ಚರ್ಮ ಸುಟ್ಟರೂ ಹಾಗೇ ಮಲಗಿರುತ್ತವೆ. ಕರೆಂಟ್ ಬಿಲ್ಲಿನ ಲೆಕ್ಕ ಕೇಳುವಿರಿ: 100 ವ್ಯಾಟಿನ ಹೀಟರ್ ರಾತ್ರಿ 12 ಗಂಟೆ ಉರಿದರೆ ಒಂದು ಯೂನಿಟ್‌ಗೆ ಸ್ವಲ್ಪ ಮೇಲೆ, ತಿಂಗಳಿಗೆ 36 ಯೂನಿಟ್. ಕರೆಂಟ್ ಹೋದ ರಾತ್ರಿ ಬಿಸಿನೀರಿನ ಬಾಟಲಿಯನ್ನು ಟವಲ್ಲಿನಲ್ಲಿ ಸುತ್ತಿ ಒಳಗಿಟ್ಟು, ಮೇಲೆ ಕಂಬಳಿ ಹೊದಿಸಿ.

ಅಂದಾಜಿನ ಮೇಲೆ ಬಿಡಬೇಡಿ, ಥರ್ಮಾಮೀಟರ್ ಎರಡು ಬೇಕು. ಬಿಸಿ ಮೂಲೆಗೆ ಒಂದು, ತಂಪು ಮೂಲೆಗೆ ಒಂದು. ಜೊತೆಗೆ ಗಾಳಿಯ ತೇವ ನೋಡುವ ಮೀಟರ್. ತೇವ ಶೇಕಡಾ 70ರ ಆಸುಪಾಸು ಇದ್ದರೆ ಒಳ್ಳೆಯದು. ಶಿವರಾತ್ರಿ ಕಳೆದ ಮೇಲೆ ನಮ್ಮ ಗಾಳಿ ಹಪ್ಪಳದ ಹಾಗೆ ಒಣಗುತ್ತದೆ. ಆಗ ಪೊರೆ ಸರಿಯಾಗಿ ಬಿಡದೆ ಬೆರಳಿಗೆ, ಬಾಲದ ತುದಿಗೆ ದಾರದ ಹಾಗೆ ಸುತ್ತಿಕೊಂಡು ರಕ್ತ ನಿಲ್ಲಿಸುತ್ತದೆ. ಆ ತುದಿ ಕಪ್ಪಾಗಿ ಉದುರುತ್ತದೆ. ಬೆಳಗ್ಗೆ ಸಂಜೆ ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಿದರೆ ಸಾಕು.

ಈಗ ಊಟ. ಇಲ್ಲಿ ನಿಮಗೆ ಖುಷಿಯ ಸುದ್ದಿ ಇದೆ, ಯಾಕೆಂದರೆ ಇಗ್ವಾನಾಗೆ ಬೇಕಾದ ಊಟ ಪ್ಯಾಕೆಟ್ಟಿನಲ್ಲಿಲ್ಲ, ನಿಮ್ಮ ಸೊಪ್ಪಿನ ಬುಟ್ಟಿಯಲ್ಲಿದೆ. ಇದು ಅಪ್ಪಟ ಸಸ್ಯಾಹಾರಿ. ಮೊಟ್ಟೆಯನ್ನು ಇವತ್ತೇ ನಿಲ್ಲಿಸಿ. ಮೊಟ್ಟೆ ಮಾಂಸದ ಪ್ರೋಟೀನ್ ಒಡೆದಾಗ ಇದರ ಮೈಯಲ್ಲಿ ಯೂರಿಕ್ ಆಮ್ಲ ಹುಟ್ಟುತ್ತದೆ. ಹಿಕ್ಕೆಯ ಜೊತೆ ಬೀಳುವ ಬಿಳಿ ಸುಣ್ಣದಂಥ ಭಾಗ ಅದೇ. ಜಾಸ್ತಿಯಾದರೆ ಮೂತ್ರಪಿಂಡದಲ್ಲಿ, ಕೀಲಿನಲ್ಲಿ ಹರಳುಗಟ್ಟುತ್ತದೆ. ಮೂತ್ರಪಿಂಡ ಕೆಟ್ಟ ಇಗ್ವಾನಾವನ್ನು ಉಳಿಸುವುದು ಬಹಳ ಕಷ್ಟ. ನಾಯಿ ಬಿಸ್ಕತ್ತು, ಬೆಕ್ಕಿನ ಆಹಾರ, ಹುಳುಹುಪ್ಪಟೆ ಯಾವುದೂ ಬೇಡ.

ಪಾಲಕ್ ಒಳ್ಳೆಯದಲ್ಲವೇ ಅನ್ನುವಿರಿ. ನಮಗೆ ಒಳ್ಳೆಯದು. ಅದರಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಮೈಗೆ ಸೇರಲು ಬಿಡುವುದಿಲ್ಲ. ದಂಟು, ಬೀಟ್‌ರೂಟ್ ಎಲೆಗೂ ಇದೇ ಗುಣ. ಅಪರೂಪಕ್ಕೆ ನಾಲ್ಕು ಎಲೆ ಸರಿ, ದಿನಾ ಬೇಡ. ಸೌತೆಕಾಯಿ ಬರೀ ನೀರು. ಬಾಳೆಹಣ್ಣಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕ (ಫಾಸ್ಫರಸ್) ಎಷ್ಟೋ ಪಾಲು ಜಾಸ್ತಿ, ಇದಕ್ಕೆ ಬೇಕಾದದ್ದು ರಂಜಕದ ಎರಡರಷ್ಟು ಕ್ಯಾಲ್ಸಿಯಂ. ಒಟ್ಟಿನಲ್ಲಿ ನೀವು ಕೊಡುತ್ತಿದ್ದ ಮೂರೂ ಹೊಟ್ಟೆ ತುಂಬಿಸಿದವು, ಮೂಳೆಗೆ ಏನೂ ಕೊಡಲಿಲ್ಲ.

ನನ್ನ ಕೈಗೆ ಬಂದ ಇಗ್ವಾನಾಗಳಿಗೆ ನಾನು ಹೇಳುವ ಮೊದಲ ಹೆಸರು ನುಗ್ಗೆಸೊಪ್ಪು. ಸಾರಿಗೆ ಬಿಡಿಸುವ ಹಾಗೇ ಕಡ್ಡಿ ತೆಗೆದು ಎಲೆ ಬಿಡಿಸಿ. ಎರಡನೆಯದು ಹಿಪ್ಪುನೇರಳೆ ಎಲೆ. ರೇಷ್ಮೆ ಹುಳಕ್ಕೆ ಹಾಕುವ ಅದೇ ಎಲೆ, ಇಗ್ವಾನಾಗಳಿಗೆ ಇದರ ಮೇಲೆ ಎಲ್ಲಿಲ್ಲದ ಆಸೆ. ರಾಮನಗರ, ಕನಕಪುರ ಕಡೆಯ ನೆಂಟರಿದ್ದರೆ ಕೇಳಿ ನೋಡಿ. ಆದರೆ ತೋಟಕ್ಕೆ ಔಷಧಿ ಹೊಡೆದು ಎಷ್ಟು ದಿನ ಆಯಿತು ಅಂತಲೂ ಕೇಳಿ. ಅಥವಾ ಒಂದು ಕಡ್ಡಿ ತಂದು ಕುಂಡದಲ್ಲಿ ಊರಿದರೆ ತಾನಾಗಿ ಚಿಗುರುತ್ತದೆ. ಆಮೇಲೆ ದಾಸವಾಳ. ಎಲೆಯೂ ಸರಿ, ಹೂವೂ ಸರಿ. ಊಟ ಬಿಟ್ಟ ಇಗ್ವಾನಾದ ಮುಂದೆ ಕೆಂಪು ದಾಸವಾಳ ಹಿಡಿದು ನೋಡಿ. ತಲೆ ಓರೆ ಮಾಡಿ ಒಂದು ಕಣ್ಣಲ್ಲಿ ಅಳೆಯುತ್ತದೆ, ದಪ್ಪ ನಾಲಿಗೆ ಚಾಚಿ ಒಮ್ಮೆ ಮುಟ್ಟುತ್ತದೆ, ಆಮೇಲೆ ಗಬಕ್ಕನೆ ಎಳೆದುಕೊಳ್ಳುತ್ತದೆ. ದೇವರಿಗೆ ತಂದ ಅಂಗಡಿ ಹೂವು ಮಾತ್ರ ಬೇಡ, ಗುಲಾಬಿ ಸೇವಂತಿಗೆಗೆ ಕೀಟನಾಶಕ ಹೊಡೆದಿರುತ್ತಾರೆ.

ಇವುಗಳ ಜೊತೆಗೆ ಸಾಸಿವೆ ಸೊಪ್ಪು, ಸ್ವಲ್ಪ ಮೆಂತ್ಯ, ಹುರುಳಿಕಾಯಿ, ತುರಿದ ಸಿಹಿಗುಂಬಳ. ಹಣ್ಣು ವಾರಕ್ಕೊಮ್ಮೆ, ಒಂದು ತುಂಡು ಪರಂಗಿ ಸಾಕು. ಎಲೆಕೋಸು ದಿನಾ ಬೇಡ, ಅದು ಥೈರಾಯ್ಡ್‌ಗೆ ಅಡ್ಡಿ. ಬೆಣ್ಣೆಹಣ್ಣು ಯಾವತ್ತೂ ಬೇಡ. ಎಲ್ಲವನ್ನೂ ಉಪ್ಪು ನೀರಿನಲ್ಲಿ ತೊಳೆದು, ಮತ್ತೆ ಒಳ್ಳೆ ನೀರಲ್ಲಿ ತೊಳೆದು, ಕೋಸಂಬರಿಯ ಹದಕ್ಕೆ ಸಣ್ಣಗೆ ಹೆಚ್ಚಿ ಕಲಸಿ. ದೊಡ್ಡ ತುಂಡು ಹಾಕಿದರೆ ಇಷ್ಟವಾದದ್ದನ್ನು ಮಾತ್ರ ಆರಿಸಿ ತಿನ್ನುತ್ತದೆ, ನಮ್ಮ ಮಕ್ಕಳ ಹಾಗೇ. ಮೇಲೆ ರಂಜಕ ಇಲ್ಲದ ಕ್ಯಾಲ್ಸಿಯಂ ಪುಡಿಯನ್ನು ರಂಗೋಲಿ ಎಳೆಯ ಹಾಗೆ ಎರಡು ಬೆರಳಲ್ಲಿ ಉದುರಿಸಿ. ಪ್ರಮಾಣ ಡಾಕ್ಟರ್ ಹೇಳಿದಷ್ಟು. ಊಟ ಬೆಳಗ್ಗೆಯೇ ಕೊಡಿ. ತಿಂದ ಮೇಲೆ ಕೆಲವು ಗಂಟೆ ಮೈ ಕಾಯಿಸಿದರೆ ಮಾತ್ರ ಅದರ ಕರುಳಿನ ಜೀವಾಣುಗಳು ಎಲೆಯನ್ನು ಹುಳಿ ಬರಿಸಿ ಒಡೆಯುತ್ತವೆ. ಅಂದಹಾಗೆ ಆ ಜೀವಾಣುಗಳು ಹುಟ್ಟಿನಿಂದ ಬರುವುದಿಲ್ಲ. ಕಾಡಿನಲ್ಲಿ ಮರಿಗಳು ದೊಡ್ಡವುಗಳ ಹಿಕ್ಕೆ ತಿಂದು ಪಡೆಯುತ್ತವೆ. ಮಗನಿಗೆ ಹೇಳಿ ನೋಡಿ, ಮುಖ ಹೇಗೆ ಮಾಡುತ್ತಾನೋ!

ಸೀನಿನ ಬಗ್ಗೆ ಚಿಂತೆ ಬೇಡ. ಮೂಗಿನ ಹತ್ತಿರ ಇರುವ ಗ್ರಂಥಿಯಿಂದ ಮೈಯ ಹೆಚ್ಚಿನ ಉಪ್ಪನ್ನು ಹೀಗೆ ಹೊರಗೆ ಚಿಮ್ಮುತ್ತದೆ. ಗಾಜಿನ ಮೇಲಿನ ಬಿಳಿ ಚುಕ್ಕೆ ಆ ಉಪ್ಪೇ. ಬಾಯಿ ತೆರೆದು ಉಸಿರಾಡುವುದು, ಬಾಯಲ್ಲಿ ಲೋಳೆ ಇವು ಕಂಡರೆ ಮಾತ್ರ ಶೀತದ ಅನುಮಾನ ಪಡಬೇಕು.

ತೊಟ್ಟಿಯ ವಿಷಯ ಕೇಳಿ ನಿಮಗೆ ಬೇಸರವಾಗಬಹುದು. ಚೆನ್ನಾಗಿ ಬೆಳೆದರೆ ಗಂಡು ಇಗ್ವಾನಾ ಬಾಲ ಸೇರಿ ಐದಾರು ಅಡಿ ಆಗುತ್ತದೆ, ನಾಲ್ಕೈದು ಕೆಜಿ ತೂಗುತ್ತದೆ, 15ರಿಂದ 20 ವರ್ಷ ಬದುಕುತ್ತದೆ. ಅಂಗಡಿಯಲ್ಲಿ ಗೇಣುದ್ದದ ಮರಿ ಮಾರುವಾಗ ಇದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಮಗ ಓದು ಮುಗಿಸಿ, ಕೆಲಸ ಹಿಡಿದು, ಮದುವೆಯಾದ ಮೇಲೂ ಚಿಗುರು ನಿಮ್ಮ ಮನೆಯಲ್ಲೇ ಇರುತ್ತದೆ. ಅದಕ್ಕೆ ಸೊಪ್ಪು ಹೆಚ್ಚುವವರು ಯಾರು ಅಂತ ಈಗಲೇ ಮಾತಾಡಿಕೊಳ್ಳಿ. ದೊಡ್ಡದಾದಾಗ ಎಂಟಡಿ ಉದ್ದ, ಆರಡಿ ಎತ್ತರದ ಜಾಗ ಬೇಕು. ಈಗಿನ ಮಟ್ಟಿಗೆ ನಾಲ್ಕಡಿ ಎತ್ತರದ ಹಳೆ ಮರದ ಬೀರು ಇದ್ದರೆ ಬಡಗಿಯ ಕೈಲಿ ಬಾಗಿಲಿಗೆ ಜಾಲರಿ ಹೊಡೆಸಿ. ಮೂಳೆ ಗಟ್ಟಿಯಾದ ಮೇಲೆ ಒಳಗೆ ಸೀಬೆ ಮರದ ಕೊಂಬೆ ಅಡ್ಡಡ್ಡ ಕಟ್ಟಿ, ಅದರ ಮೈಯಷ್ಟೇ ದಪ್ಪದ್ದು. ನೆಲಕ್ಕೆ ಮರಳು, ಮರದ ಹೊಟ್ಟು ಬೇಡ, ತಿಂದು ಹೊಟ್ಟೆ ಕಟ್ಟಿಕೊಳ್ಳುತ್ತದೆ. ಹಳೆ ಪೇಪರ್ ಹಾಸಿ, ದಿನಾ ಬದಲಿಸಿ. ಹತ್ತಿರ ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ ಬೇಡ.

ಚಿಗುರು ಹೆಣ್ಣಾಗಿದ್ದರೆ ಇನ್ನೊಂದು ಮಾತು. ಎರಡು ಮೂರು ವರ್ಷಕ್ಕೆ ಗಂಡಿನ ಸಂಗ ಇಲ್ಲದೆಯೂ ಮೊಟ್ಟೆ ಕಟ್ಟುತ್ತದೆ, ಇಪ್ಪತ್ತು ಮೂವತ್ತು ಮೊಟ್ಟೆ. ಅಗೆದು ಇಡಲು ತೇವದ ಮಣ್ಣಿನ ಡಬ್ಬ ಇಲ್ಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಆಪರೇಷನ್ ಬೇಕಾಗುತ್ತದೆ. ಗಂಡಾಗಿದ್ದರೆ ಬೆದೆಗೆ ಬಂದ ತಿಂಗಳುಗಳಲ್ಲಿ ಸಾಕಿದವರನ್ನೇ ಅಟ್ಟಿಸಿಕೊಂಡು ಬರಬಹುದು. ಹಲ್ಲು ಗರಗಸದ ಹಾಗೆ, ಬಾಲದ ಏಟು ಛಡಿ ಏಟಿನ ಹಾಗೆ. ಆಗ 'ಹುಚ್ಚು ಹಿಡಿದಿದೆ' ಅಂದುಕೊಳ್ಳಬೇಡಿ. ಆ ದಿನಗಳು ಕಳೆಯುವವರೆಗೆ ಅದರ ಪಾಡಿಗೆ ಬಿಡಿ.

ಮಗನಿಗೆ ಹಿಡಿಯುವುದನ್ನು ಕಲಿಸಿ. ಇಗ್ವಾನಾದ ನೆತ್ತಿಯ ಮೇಲೆ ಒಂದು ಮಸುಕಾದ ಸಣ್ಣ ಚುಕ್ಕೆ ಇದೆ, ನೋಡಿದ್ದೀರಾ? ಅದು ಮೂರನೇ ಕಣ್ಣು. ಚಿತ್ರ ಕಾಣುವುದಿಲ್ಲ, ಬೆಳಕು ನೆರಳು ಗೊತ್ತಾಗುತ್ತದೆ. ಮೇಲಿನಿಂದ ಕೈ ಇಳಿಸಿದರೆ ಅದಕ್ಕೆ ಹದ್ದಿನ ನೆರಳು ಬಿದ್ದ ಹಾಗೆ. ಪಕ್ಕದಿಂದ, ಮೆಲ್ಲಗೆ, ಎದೆಯ ಕೆಳಗೆ ಕೈ ತೂರಿಸಿ, ಇನ್ನೊಂದು ಕೈಯಲ್ಲಿ ಹಿಂಗಾಲು ಸೊಂಟ ಆತುಕೊಳ್ಳಬೇಕು. ಬಾಲ ಹಿಡಿದರೆ ಕಳಚಿ ಕೈಗೆ ಬರುತ್ತದೆ, ಮತ್ತೆ ಬೆಳೆದರೂ ಮೊದಲಿನ ಹಾಗಿರುವುದಿಲ್ಲ. ತಲೆ ಸವರಿದಾಗ ಕಣ್ಣು ಮುಚ್ಚಿತು ಅಂದರೆ ಸುಖಪಡುತ್ತಿದೆ ಅಂತಲೇ ಅಲ್ಲ. ಎಷ್ಟೋ ಸಲ 'ಸಾಕು ಹೋಗು' ಅಂತ. ಗಲ್ಲದ ಕೆಳಗಿನ ಚೀಲ ಅಗಲಿಸಿ, ಮೈ ಚಪ್ಪಟೆ ಮಾಡಿ ಅಡ್ಡ ನಿಂತರೆ ಅದು ಬೆದರಿಕೆ, ನಮಸ್ಕಾರ ಅಲ್ಲ.

ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ಕಡ್ಡಾಯ. ಆರೋಗ್ಯವಾಗಿರುವ ಇಗ್ವಾನಾದ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು, ಅದಕ್ಕೆ ಏನೂ ಆಗುವುದಿಲ್ಲ, ನಮಗೆ ಜ್ವರ ಭೇದಿ. ಅದರ ಪಾತ್ರೆಗಳನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದ ಒಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರು ದೂರ ಇರುವುದು ಒಳ್ಳೆಯದು. ಅತ್ತೆಯವರಿಗೆ ಈ ಕಾರಣಕ್ಕೆ ದೂರ ಇರಿ ಅನ್ನಬಹುದು, ಅಪಶಕುನದ ಕಾರಣಕ್ಕಲ್ಲ.

ಅತ್ತೆಯವರ ಮಾತಿಗೆ ಬರೋಣ. ಇದು ಉಡ ಅಲ್ಲ. ಉಡಕ್ಕೆ ಹಾವಿನ ಹಾಗೆ ಸೀಳು ನಾಲಿಗೆ, ಅದು ಮಾಂಸ ತಿನ್ನುವ ಪ್ರಾಣಿ. ನಂಟಸ್ತಿಕೆ ಹುಡುಕುವುದಾದರೆ ಇಗ್ವಾನಾ ನಮ್ಮ ಬೇಲಿಯ ಓತಿಕ್ಯಾತಕ್ಕೆ ಹತ್ತಿರ. ತೋಟಕ್ಕೆ ಬಿಡುವುದಂತೂ ಆಗಲೇಬಾರದು. ಮೂಳೆ ಮೆತ್ತಗಾದ ಈ ಮರಿ ಒಂದು ವಾರವೂ ಉಳಿಯುವುದಿಲ್ಲ. ಗಟ್ಟಿಯಾಗಿರುವುದನ್ನು ಬಿಟ್ಟರೆ ಅದು ಉಳಿದು ಬೆಳೆದು ಇನ್ನೊಂದು ತಾಪತ್ರಯ. ಫ್ಲಾರಿಡಾ, ಪೋರ್ಟೋ ರೀಕೋ, ತೈವಾನ್ ಮೂರೂ ಕಡೆ ಇವು ತೋಟ ಗದ್ದೆಗೆ ಕಾಟವಾಗಿವೆ. ಸಾಕಲು ಆಗುವುದಿಲ್ಲ ಅನ್ನಿಸಿದರೆ ಅರಣ್ಯ ಇಲಾಖೆಯವರನ್ನು ಕೇಳಿ, ಅವರು ದಾರಿ ಹೇಳುತ್ತಾರೆ.

ಅರಣ್ಯ ಇಲಾಖೆ ಅಂದಾಗ ನೆನಪಾಯಿತು. ಅಂಗಡಿಯವರು ನಿಮಗೆ ಕಾಗದ ಪತ್ರ ಏನಾದರೂ ಕೊಟ್ಟರೇ? ಹಸಿರು ಇಗ್ವಾನಾ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದ ಸೈಟಿಸ್‌ನ ಎರಡನೇ ಪಟ್ಟಿಯಲ್ಲಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಂತೆ ಇಂಥ ವಿದೇಶಿ ಪ್ರಾಣಿ ಮನೆಯಲ್ಲಿದ್ದರೆ ನೋಂದಾಯಿಸಬೇಕು. 2024ರ ಫೆಬ್ರವರಿಯಲ್ಲಿ ನಿಯಮ ಬಂತು, ಕೇಂದ್ರ ಪರಿಸರ ಸಚಿವಾಲಯದ 'ಪರಿವೇಶ್ 2.0' ಪೋರ್ಟಲ್‌ನಲ್ಲಿ ಅರ್ಜಿ. ಆಗಲೇ ಇಟ್ಟುಕೊಂಡಿದ್ದವರಿಗೆ ಆರು ತಿಂಗಳು, ಆಮೇಲೆ ಪಡೆದವರಿಗೆ ಪಡೆದ 30 ದಿನದೊಳಗೆ. ನಿಮ್ಮದು ದಾಟಿಹೋಗಿದೆ. ಮುಚ್ಚಿಟ್ಟು ಕೂರುವುದಕ್ಕಿಂತ, ರಸೀದಿ ಇದ್ದರೆ ಹಿಡಿದುಕೊಂಡು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಇರುವುದನ್ನು ಇದ್ದ ಹಾಗೆ ಹೇಳುವುದು ಲೇಸು. ಮತ್ತೆ ಮಗನಿಗೆ ಇನ್ನೊಂದು ಹುಚ್ಚು ಹಿಡಿಯುವ ಮೊದಲೇ ಹೇಳಿಬಿಡಿ: ಉಡ, ಗೋಸುಂಬೆಯಂಥ ನಮ್ಮ ನೆಲದ ಕಾಡುಪ್ರಾಣಿ ಹಿಡಿದು ತಂದು ಸಾಕುವಂತಿಲ್ಲ. ಉಡ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹಿಡಿದರೆ ಕನಿಷ್ಠ ಮೂರು ವರ್ಷ ಜೈಲು.

ಡಾಕ್ಟರ ಹತ್ತಿರ ಒಯ್ಯುವಾಗ ರಟ್ಟಿನ ಪೆಟ್ಟಿಗೆಗೆ ಗಾಳಿಗೆ ನಾಲ್ಕು ತೂತು ಕೊರೆಯಿರಿ. ಚಿಗುರುವನ್ನು ಹತ್ತಿ ಬಟ್ಟೆಯ ತಲೆದಿಂಬಿನ ಕವರಿನೊಳಗೆ ಸಡಿಲವಾಗಿ ಬಿಟ್ಟು ಬಾಯಿ ಕಟ್ಟಿ, ಕತ್ತಲಲ್ಲಿ ಅದು ಶಾಂತವಾಗಿರುತ್ತದೆ. ಬಿಸಿನೀರಿನ ಬಾಟಲಿಯನ್ನು ಟವಲ್ಲಿನಲ್ಲಿ ಸುತ್ತಿ ಪೆಟ್ಟಿಗೆಯ ಒಂದೇ ಪಕ್ಕಕ್ಕೆ ಇಡಿ. ಹಿಂದಿನ ದಿನದ ಹಿಕ್ಕೆ ಸಣ್ಣ ಡಬ್ಬಿಯಲ್ಲಿ ಹಾಕಿಕೊಳ್ಳಿ, ಹೊಟ್ಟೆಹುಳು ಇದೆಯೇ ನೋಡಲು ಬೇಕಾಗುತ್ತದೆ. ತೊಟ್ಟಿ ಮತ್ತು ಕಿಟಕಿಯ ಫೋಟೋ ಮೊಬೈಲಿನಲ್ಲಿ ತೆಗೆದಿರಲಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ, ಇವತ್ತಿನ ತೂಕ ಬರೆದುಕೊಳ್ಳಿ. ಮುಂದಿನ ಭಾನುವಾರ ಮತ್ತೆ ತೂಗಿ ಬರೆಯಲು ಮಗನಿಗೆ ಒಂದು ನೋಟ್‌ಬುಕ್ ಕೊಡಿ.